ಯಂತ್ರ ಬಂತು, ವಿದ್ಯೆ ಬರಲಿಲ್ಲ



ಈ ತಿಂಗಳು ನಿಮ್ಮ ಮುಂದೆ ಒಂದು ದೂರನ್ನು ತಂದಿದ್ದೇವೆ. ದೂರು ಅನ್ಯರ ಮೇಲಿನದಾಗಿದ್ದರೆ ಬರೆಯುವುದು ಸುಲಭವಾಗುತ್ತಿತ್ತು. ಇದರಲ್ಲಿ ನಮ್ಮ ಪಾಲೂ ಇದೆ, ನಿಮ್ಮ ಪಾಲೂ ಇದೆ. ಓದುವಾಗ ಕೋಪ ಬಂದರೆ ಅದನ್ನು ಅರ್ಧ ನಮ್ಮ ಮೇಲೆ, ಅರ್ಧ ನಿಮ್ಮ ಮೇಲೆ ಹಂಚಿಕೊಳ್ಳಬೇಕೆಂದು ಮೊದಲೇ ಕೇಳಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ಒಂದು ಸೋಮವಾರ ವೃದ್ಧ ತಾಯಿಯೊಬ್ಬರು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳನ್ನು ಕರೆದುಕೊಂಡು ಮಠಕ್ಕೆ ಬಂದರು. ಹುಡುಗಿ ಎಂಟು ದಿನಗಳಿಂದ ಶಾಲೆಗೆ ಹೋಗುತ್ತಿಲ್ಲ, ಸರಿಯಾಗಿ ಊಟ ಮಾಡುತ್ತಿಲ್ಲ, ತಾವು ಒಂದು ಬುದ್ಧಿಮಾತು ಹೇಳಬೇಕು ಎಂಬುದು ಅವರ ಕೋರಿಕೆ. ವಿಚಾರಿಸಿದಾಗ ತಿಳಿದ ಸಂಗತಿ ಇದು. ಅಜ್ಜಿಯ ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದವಳು ಈ ಹುಡುಗಿಯೇ. ಒಂದು ಮಧ್ಯಾಹ್ನ ಯಾರೋ ಕರೆ ಮಾಡಿ, ವೃದ್ಧಾಪ್ಯ ವೇತನದ ಬಾಕಿ ಬಂದಿದೆ, ಪರದೆಯ ಮೇಲೆ ಕಾಣುವ ಕೋರಿಕೆಯನ್ನು ಒಪ್ಪಿ ಗುಪ್ತಸಂಖ್ಯೆ ಒತ್ತಿದರೆ ಹಣ ಜಮಾ ಆಗುತ್ತದೆ ಎಂದು ಬಹಳ ಸೌಜನ್ಯದಿಂದ ಹೇಳಿದರು. ಹುಡುಗಿ ಒತ್ತಿದಳು. ಕೂಲಿಯಿಂದಲೂ ವೇತನದಿಂದಲೂ ಅಜ್ಜಿ ಕೂಡಿಸಿಟ್ಟಿದ್ದ ಹದಿನೆಂಟು ಸಾವಿರ ರೂಪಾಯಿ ಒಂದು ನಿಮಿಷದಲ್ಲಿ ಹೋಯಿತು.

ಮನೆಯಲ್ಲಿ ಯಾರೂ ಬೈದಿರಲಿಲ್ಲ. ಅಜ್ಜಿಯಂತೂ "ಹೋದದ್ದು ಹೋತು, ನೀ ಉಣ್ಣವ್ವ" ಎಂದು ನಮ್ಮೆದುರಿಗೇ ಬೇಡಿಕೊಳ್ಳುತ್ತಿದ್ದರು. ನಾವು ಹುಡುಗಿಯನ್ನು ಸಮಾಧಾನಪಡಿಸುತ್ತ, ಶಾಲೆಯಲ್ಲಿ ಗಣಕಯಂತ್ರದ ಪಾಠವಿದೆಯೇ ಎಂದು ಕೇಳಿದೆವು. ಇದೆ ಎಂದಳು. ಪರೀಕ್ಷೆಯಲ್ಲಿ ಐವತ್ತಕ್ಕೆ ನಲವತ್ತೆಂಟು ಅಂಕ ಬಂದಿತ್ತು. ರ‍್ಯಾಮ್ ಎಂಬುದರ ವಿಸ್ತೃತ ರೂಪವನ್ನು ತಡವರಿಸದೆ ಹೇಳಿದಳು. ಗಣಕಯಂತ್ರದ ಐದು ಪೀಳಿಗೆಗಳನ್ನು ಬೆರಳು ಮಡಿಸಿ ಎಣಿಸಿದಳು. ಕೊನೆಗೆ ತಲೆ ತಗ್ಗಿಸಿ, "ಅಜ್ಜಾರ, ರೊಕ್ಕ ಬರೂದಕ್ಕ ಪಿನ್ ಒತ್ತೂದು ಬ್ಯಾಡ ಅಂತ ನಮಗ ಯಾರೂ ಹೇಳಿಕೊಟ್ಟಿರಲಿಲ್ರೀ" ಎಂದಳು.

ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಕೆ ಓದುತ್ತಿದ್ದುದು ನಮ್ಮದೇ ಆಡಳಿತದ ಪ್ರೌಢಶಾಲೆಯಲ್ಲಿ. ಅಲ್ಲಿಯ ಗಣಕಯಂತ್ರ ಕೊಠಡಿಯ ಬಾಗಿಲಿಗೆ ಕಟ್ಟಿದ್ದ ರಿಬ್ಬನ್ನನ್ನು ಕತ್ತರಿಸಿದವರೂ ನಾವೇ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದ್ದೆವು, ಭಾಷಣ ಮಾಡಿದ್ದೆವು, ಭಾವಚಿತ್ರ ಈ ಪತ್ರಿಕೆಯಲ್ಲಿಯೇ ಅಚ್ಚಾಗಿತ್ತು. ಹುಡುಗಿ ಬಂದುಹೋದ ವಾರ ಯಾರಿಗೂ ತಿಳಿಸದೆ ಆ ಕೊಠಡಿಯನ್ನು ನೋಡಲು ಹೋದೆವು. ಬಾಗಿಲಿಗೆ ಬೀಗ ಹಾಕಿತ್ತು. ಕೀಲಿಕೈ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿ, ಮುಖ್ಯೋಪಾಧ್ಯಾಯರು ತಾಲ್ಲೂಕು ಸಭೆಯಲ್ಲಿ. ತೆರೆಸಿ ನೋಡಿದರೆ ಯಂತ್ರಗಳು ಪ್ಲಾಸ್ಟಿಕ್ ಹೊದಿಕೆಯನ್ನು ಹೊದ್ದು ಸಾಲಾಗಿ ಕುಳಿತಿದ್ದವು. ಯುಪಿಎಸ್ ಬ್ಯಾಟರಿಗಳು ಸತ್ತು ಎರಡು ವರ್ಷವಾಗಿತ್ತು. ಮಕ್ಕಳು ಮುಟ್ಟಿದರೆ ಕೆಡುತ್ತವೆ ಎಂದು ಮುಟ್ಟಗೊಡದೆ ಕಾಪಾಡಿದ್ದರು; ಮುಟ್ಟದೆಯೇ ಅವು ಕೆಟ್ಟಿದ್ದವು. ಪಾಠ ಮಾತ್ರ ಪಕ್ಕದ ಕೋಣೆಯಲ್ಲಿ ಕಪ್ಪುಹಲಗೆಯ ಮೇಲೆ ಕ್ರಮವಾಗಿ ನಡೆದಿತ್ತು!

ವಾಚಕರೇ, ಇದು ಒಂದು ಶಾಲೆಯ ಕಥೆಯೆಂದು ತಿಳಿದು ನೀವು ಸಮಾಧಾನಪಡುವಂತಿಲ್ಲ. ನಾಡಿನಲ್ಲಿ ತಂತ್ರಜ್ಞಾನದ ಶಿಕ್ಷಣವೆಂದರೆ ಯಂತ್ರದ ಖರೀದಿ ಎಂಬ ಭ್ರಮೆ ಬೇರೂರಿದೆ. ಆ ಭ್ರಮೆಯನ್ನು ಖಂಡಿಸುವುದೇ ಈ ಲೇಖನದ ಉದ್ದೇಶ.

ಮೊದಲು ತಂತ್ರಜ್ಞಾನ ಸಾಕ್ಷರತೆ ಎಂದರೇನು ಎಂಬುದನ್ನು ನಿರ್ಣಯಿಸೋಣ. ಪಾಠಶಾಲೆಯಲ್ಲಿ ತರ್ಕವನ್ನು ಓದುವಾಗ ನಮ್ಮ ಗುರುಗಳು ಮೊದಲು ಕಲಿಸಿದ್ದು ಲಕ್ಷಣ ಹೇಳುವ ಕ್ರಮವನ್ನು. ಲಕ್ಷಣದಲ್ಲಿ ಅವ್ಯಾಪ್ತಿ ಇರಬಾರದು, ಅತಿವ್ಯಾಪ್ತಿ ಇರಬಾರದು. ಅಂದರೆ ಸೇರಬೇಕಾದುದು ಹೊರಗುಳಿಯಬಾರದು, ಸೇರಬಾರದುದು ಒಳಬರಬಾರದು. "ಗಣಕಯಂತ್ರವನ್ನೋ ಮೊಬೈಲನ್ನೋ ಬಳಸಬಲ್ಲವನೇ ತಂತ್ರಜ್ಞಾನ ಸಾಕ್ಷರ" ಎಂಬುದು ಇಂದು ಎಲ್ಲರ ಬಾಯಲ್ಲಿರುವ ಲಕ್ಷಣ. ಇದರಲ್ಲಿ ಎರಡೂ ದೋಷಗಳಿವೆ. ಹೊಲದ ಪಂಪ್‌ಸೆಟ್ಟು, ಮನೆಯ ಮೀಟರು, ಬೀದಿಯ ನಲ್ಲಿ, ತುಳಿಯುವ ಸೈಕಲ್ಲು, ಇವೆಲ್ಲವೂ ತಂತ್ರಜ್ಞಾನವೇ. ಈ ಲಕ್ಷಣದಿಂದ ಅವು ಹೊರಗುಳಿದವು, ಅದು ಅವ್ಯಾಪ್ತಿ. ಏನಾಗುತ್ತಿದೆಯೆಂದು ಅರಿಯದೆ ಹೇಳಿದ ಗುಂಡಿಯನ್ನು ಒತ್ತಿದ ಆ ಬಾಲೆ ಈ ಲಕ್ಷಣದ ಪ್ರಕಾರ ಸಾಕ್ಷರಳೇ ಸರಿ, ಅದು ಅತಿವ್ಯಾಪ್ತಿ.

ನಾವು ಹೇಳುವ ಲಕ್ಷಣ ಇಷ್ಟು. ತನ್ನ ಸುತ್ತಣ ಯಂತ್ರವು ಯಾವ ತತ್ತ್ವದಿಂದ ನಡೆಯುತ್ತದೆ, ಎಷ್ಟನ್ನು ಉಣ್ಣುತ್ತದೆ, ಕೆಟ್ಟರೆ ಎಲ್ಲಿ ಕೆಟ್ಟಿದೆ, ಅದರಿಂದ ಯಾರಿಗೆ ಲಾಭ ಯಾರಿಗೆ ಹಾನಿ, ಈ ನಾಲ್ಕನ್ನೂ ವಯಸ್ಸಿಗೆ ತಕ್ಕಷ್ಟು ಅರಿತು, ಕೈಯಿಂದ ಮಾಡಿಯೂ ತೋರಬಲ್ಲವನೇ ತಂತ್ರಜ್ಞಾನ ಸಾಕ್ಷರ. ಅವನು ಎಂಜಿನಿಯರನಾಗಬೇಕಿಲ್ಲ. ಅಕ್ಷರ ಬಲ್ಲವರೆಲ್ಲರೂ ಕವಿಗಳಾಗಬೇಕೆಂದು ಯಾರೂ ಹೇಳುವುದಿಲ್ಲವಲ್ಲ!

ಈ ಲಕ್ಷಣವನ್ನು ನಮ್ಮ ಶಾಲೆಗಳ ಮೇಲೆ ಇಟ್ಟು ನೋಡಿ. ನಮ್ಮ ನಾಡಿನಲ್ಲಿ ವಿದ್ಯುತ್ತು ನಿನ್ನೆ ಮೊನ್ನೆ ಬಂದುದಲ್ಲ. 1902ರಲ್ಲಿಯೇ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪಾದಿಸಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂತು. ನೂರಿಪ್ಪತ್ತು ವರ್ಷಗಳು ಕಳೆದಿವೆ. ಇಂದು ಹತ್ತನೆಯ ತರಗತಿಯ ವಿದ್ಯಾರ್ಥಿ ಓಮನ ನಿಯಮವನ್ನು ಬರೆಯುತ್ತಾನೆ, ಲೆಕ್ಕವನ್ನೂ ಬಿಡಿಸುತ್ತಾನೆ. ಆದರೆ ತನ್ನ ಮನೆಯ ಮೀಟರನ್ನು ಓದಲಾರ. ಬಿಲ್ಲಿನಲ್ಲಿರುವ ಒಂದು ಯೂನಿಟ್ ಎಂದರೆ ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ನಡೆದ ಖರ್ಚು ಎಂಬುದನ್ನು ಅವನು ಪುಸ್ತಕದಲ್ಲಿ ಓದಿದ್ದಾನೆ, ಗೋಡೆಯ ಮೇಲಿನ ಡಬ್ಬಿಯಲ್ಲಿ ಕಂಡಿಲ್ಲ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಒಂದು ಕಡ್ಡಿ ಏಕೆ ಉದ್ದ, ಏಕೆ ದಪ್ಪ ಎಂದು ಕೇಳಿ ನೋಡಿ. ಅರ್ಥಿಂಗ್ ಮೊದಲು ಕೂಡಿ ಕೊನೆಗೆ ಬಿಡಬೇಕೆಂದು ಅದು ಉದ್ದ, ತಪ್ಪು ತೂತಿಗೆ ಹೋಗಬಾರದೆಂದು ದಪ್ಪ. ಒಬ್ಬ ಮನುಷ್ಯನ ಪ್ರಾಣವನ್ನು ಉಳಿಸುವ ಜ್ಞಾನ ಇಷ್ಟು ಸಣ್ಣದು! ಇದನ್ನು ಕಲಿಯದೆ ನಮ್ಮ ಮಕ್ಕಳು ಎಸ್.ಎಸ್.ಎಲ್.ಸಿ.ಯಲ್ಲಿ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾಗುತ್ತಿದ್ದಾರೆ.

ರೈತರ ಮಕ್ಕಳೇ ಹೆಚ್ಚಾಗಿರುವ ನಮ್ಮ ಶಾಲೆಗಳಲ್ಲಿ ಪಂಪ್‌ಸೆಟ್ಟಿನ ಲೆಕ್ಕವನ್ನಾದರೂ ಮಾಡಿಸಿದ್ದೇವೆಯೇ? ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಐದು ಅಶ್ವಶಕ್ತಿಯ ಮೋಟರು ಏಳು ಗಂಟೆ ನಡೆದರೆ ಇಪ್ಪತ್ತಾರು ಯೂನಿಟ್ಟಿಗಿಂತ ಕಡಿಮೆ ಉಣ್ಣುವುದಿಲ್ಲ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮ ರಾಜ್ಯದಲ್ಲಿ 2008ರಿಂದ ವಿದ್ಯುತ್ತು ಉಚಿತವಾಗಿರುವುದರಿಂದ ಈ ಲೆಕ್ಕ ನಮಗೆ ಬೇಡವೆಂದು ತೋರುತ್ತದೆ. ಆದರೆ ವೋಲ್ಟೇಜ್ ಕುಸಿದಾಗ ಮೋಟರು ಹೆಚ್ಚು ಕರೆಂಟು ಎಳೆದು ವೈಂಡಿಂಗ್ ಸುಡುತ್ತದೆ. ಆ ದುರಸ್ತಿ ಉಚಿತವಲ್ಲ. ಕೊಳವೆಬಾವಿಯ ನೀರು ಎಷ್ಟು ಅಡಿ ಕೆಳಗಿಳಿದರೆ ಎಷ್ಟು ಶಕ್ತಿ ಹೆಚ್ಚು ಬೇಕು ಎಂಬ ಗಣಿತವನ್ನು ಬಲ್ಲ ಹುಡುಗನು ಮತ್ತೊಂದು ಬಾವಿ ಕೊರೆಸಲು ಸಾಲ ಮಾಡುವ ತಂದೆಯೊಡನೆ ಕುಳಿತು ವಿಚಾರ ಮಾಡಬಲ್ಲ. ಗಣಿತದ ಪುಸ್ತಕದಲ್ಲಿ ತೊಟ್ಟಿಯನ್ನು ಎರಡು ನಲ್ಲಿಗಳು ತುಂಬುವ ಲೆಕ್ಕವನ್ನು ತಲೆಮಾರುಗಳಿಂದ ಬಿಡಿಸಿದ್ದೇವೆ. ಮನೆಯ ನಲ್ಲಿಯ ವಾಷರ್ ಬದಲಿಸಲು ಮಾತ್ರ ನಮಗೆ ಬಾರದು.

ಇದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ದೊಡ್ಡವರ ಉಪದೇಶದ ಕೊರತೆ ಕಾಣುವುದಿಲ್ಲ. 1937ರಲ್ಲಿ ವಾರ್ಧಾದಲ್ಲಿ ಮಹಾತ್ಮಾ ಗಾಂಧಿಯವರು ಕೈಕೆಲಸವನ್ನೇ ನಡುವಿಟ್ಟು ಶಿಕ್ಷಣವನ್ನು ಕಟ್ಟಬೇಕೆಂದರು. 1964ರಿಂದ 1966ರವರೆಗೆ ಕೆಲಸ ಮಾಡಿದ ಕೊಠಾರಿ ಆಯೋಗವು ಕಾರ್ಯಾನುಭವ ಎಲ್ಲ ಮಕ್ಕಳಿಗೂ ಬೇಕೆಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಸಮಾಜೋಪಯೋಗಿ ಉತ್ಪಾದಕ ಕಾರ್ಯ ಎಂಬ ಉದ್ದನೆಯ ಹೆಸರಿನ ವಿಷಯವನ್ನು ಶಿಫಾರಸು ಮಾಡಿತು. ನಿಮ್ಮಲ್ಲಿ ಅನೇಕರು ಅದನ್ನು ಕಂಡವರೇ. ವೇಳಾಪಟ್ಟಿಯಲ್ಲಿ ಒಂದು ಅವಧಿ ಇತ್ತು. ಗಣಿತದ ಪಾಠ ಹಿಂದೆ ಬಿದ್ದಾಗ ಅದನ್ನು ಗಣಿತಕ್ಕೆ ಕೊಟ್ಟರು, ಉಳಿದ ದಿನಗಳಲ್ಲಿ ಮಕ್ಕಳಿಂದ ಅಂಗಳ ಗುಡಿಸಿಸಿದರು, ವರ್ಷದ ಕೊನೆಗೆ ಅಂಗಡಿಯಿಂದ ತಂದ ಆಟಿಕೆಗೆ ಅಂಕ ಹಾಕಿದರು. ಹೀಗೆ ಒಂದು ಒಳ್ಳೆಯ ವಿಚಾರವನ್ನು ಯಾರೂ ವಿರೋಧಿಸದೆ ಕೊಂದೆವು!

ಅನಂತರ ಗಣಕಯಂತ್ರದ ಯುಗ ಬಂತು. 1984–85ರಲ್ಲಿ ಕೇಂದ್ರ ಸರ್ಕಾರವು ಕ್ಲಾಸ್ ಎಂಬ ಹೆಸರಿನ ಯೋಜನೆಯನ್ನು ಸುಮಾರು 250 ಶಾಲೆಗಳಲ್ಲಿ ಪ್ರಯೋಗಾರ್ಥವಾಗಿ ಆರಂಭಿಸಿತು. ಯಂತ್ರ ಬ್ರಿಟನ್ನಿನ ಬಿಬಿಸಿ ಮೈಕ್ರೋ, ಅದರೊಳಗಿನ ಭಾಷೆ ಇಂಗ್ಲಿಷು. ನಮ್ಮ ರಾಜ್ಯದಲ್ಲಿ 2001ರಲ್ಲಿ ಮಾಹಿತಿ ಸಿಂಧು ಯೋಜನೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಗುರಿಯಾಗಿಟ್ಟುಕೊಂಡು ಬಂತು. 2004ರ ಡಿಸೆಂಬರಿನಲ್ಲಿ ಕೇಂದ್ರದ ಐ.ಸಿ.ಟಿ. ಯೋಜನೆ ಬಂತು. ಯಂತ್ರವೂ ಬೋಧಕನೂ ಗುತ್ತಿಗೆಯ ಮೇಲೆ ಬಂದರು. ಗುತ್ತಿಗೆ ಮುಗಿದೊಡನೆ ಬೋಧಕ ಹೋದ, ಯಂತ್ರ ಉಳಿಯಿತು. ಶಾಲೆಯ ಕಾಯಂ ಗುರುಗಳಿಗೆ ಅದು ಬಾಡಿಗೆದಾರನು ಬಿಟ್ಟುಹೋದ ಸಾಮಾನಿನಂತೆ ತೋರಿದ್ದರೆ ತಪ್ಪು ಅವರದಲ್ಲ. 2016ರಿಂದ ಅಟಲ್ ಟಿಂಕರಿಂಗ್ ಲ್ಯಾಬುಗಳು ಬಂದವು. ಆರರಿಂದ ಹನ್ನೆರಡನೆಯ ತರಗತಿಯ ಮಕ್ಕಳು ಸ್ವತಃ ಬಿಚ್ಚಿ ಕಟ್ಟಿ ಕಲಿಯಲೆಂದು ಒಂದೊಂದು ಶಾಲೆಗೆ ಇಪ್ಪತ್ತು ಲಕ್ಷ ರೂಪಾಯಿಯವರೆಗೆ ನೆರವು. ಉದ್ದೇಶ ಉತ್ತಮವಾದುದು. ಆದರೆ ಅಲ್ಲಿಯೂ ಪ್ರಶ್ನೆ ಅದೇ: ಮೂರು ಆಯಾಮದ ಮುದ್ರಣಯಂತ್ರವನ್ನು ಕೊಂಡೆವು, ಅದರ ಪಕ್ಕದಲ್ಲಿ ನಿಲ್ಲುವ ಗುರು ಯಾರು?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಆರರಿಂದ ಎಂಟನೆಯ ತರಗತಿಯ ಮಕ್ಕಳು ಬಡಗಿತನ, ವಿದ್ಯುತ್ ಕೆಲಸ, ಲೋಹದ ಕೆಲಸ, ತೋಟಗಾರಿಕೆ, ಕುಂಬಾರಿಕೆಗಳನ್ನು ಕೈಯಾರೆ ಮಾಡಿ ನೋಡಬೇಕೆಂದೂ, ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಕುಶಲಕರ್ಮಿಗಳ ಬಳಿ ಕಲಿಯಬೇಕೆಂದೂ ಹೇಳಿದೆ. ಕೇಂದ್ರದ ನೀತಿ ಬೇಕೋ ರಾಜ್ಯದ್ದೇ ನೀತಿ ಬೇಕೋ ಎಂಬ ವಾದದಲ್ಲಿ ನಾವು ಪಕ್ಷ ವಹಿಸುವುದಿಲ್ಲ. ಬಡಗಿಯ ಬಳಿ ಹತ್ತು ದಿನ ಕುಳಿತು ಕಲಿಯಲು ಯಾವ ನೀತಿಯ ಅಪ್ಪಣೆ ಬೇಕು? 2025ರ ಅಕ್ಟೋಬರಿನಲ್ಲಿ, 2026–27ರ ಸಾಲಿನಿಂದ ಮೂರನೆಯ ತರಗತಿಯಿಂದಲೇ ಕೃತಕ ಬುದ್ಧಿಮತ್ತೆಯ ಪಾಠ ಎಂಬ ಪ್ರಕಟಣೆ ಕೇಂದ್ರದಿಂದ ಬಂತು. ಇನ್ನು ಮುಂದೆ ಫಲಕದ ಮೇಲಿನ ಹೆಸರು ಬದಲಾಗುತ್ತದೆ. ಕೊಠಡಿಯ ಬೀಗ ಹಾಗೆಯೇ ಉಳಿಯದಂತೆ ನೋಡಿಕೊಳ್ಳುವವರು ಯಾರು?

ಈಗ ನಮ್ಮ ಮಾತಿಗೆ ಬರುವ ಆಕ್ಷೇಪಣೆಗಳನ್ನು ಒಂದೊಂದಾಗಿ ಪರಿಶೀಲಿಸೋಣ.

"ಮಕ್ಕಳಿಗೆ ಮೊಬೈಲು ನಮಗಿಂತ ಚೆನ್ನಾಗಿ ಬರುತ್ತದೆ, ಕಲಿಸುವುದೇನಿದೆ?" ಇದು ಮೊದಲನೆಯ ಆಕ್ಷೇಪಣೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ವರದಿಯ 2024ರ ಸಮೀಕ್ಷೆಯನ್ನು ಇವರು ನೋಡಬೇಕು. ದೇಶದ ಗ್ರಾಮೀಣ ಪ್ರದೇಶದಲ್ಲಿ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ಶೇಕಡಾ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇಕಡಾ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇಕಡಾ 76. ಜಾಲತಾಣ ಬಳಸುವವರಲ್ಲಿಯೂ ಗುಪ್ತಪದವನ್ನು ಬದಲಿಸಲು ಬಲ್ಲವರು ನೂರಕ್ಕೆ ಅರುವತ್ತನ್ನೂ ಮುಟ್ಟಲಿಲ್ಲ. ಸ್ವಂತ ಫೋನು ಹುಡುಗರಿಗಿಂತ ಹುಡುಗಿಯರ ಕೈಯಲ್ಲಿ ಕಡಿಮೆ. ಬೀದಿಯಲ್ಲಿ ಕಲಿತ ವಿದ್ಯೆ ಬೀದಿಯ ಹಿತಕ್ಕೇ ಒದಗುತ್ತದೆ. ಈಜು ಬಾರದ ಮಗು ನೀರಿಗೆ ಧುಮುಕಲು ಹೆದರುವುದಿಲ್ಲವೆಂದರೆ ಅದನ್ನು ಈಜುಗಾರನೆಂದು ಕರೆಯುತ್ತೀರಾ?

"ಹಾಗಾದರೆ ಮಕ್ಕಳ ಕೈಯಿಂದ ಮೊಬೈಲನ್ನು ಕಿತ್ತುಕೊಂಡರೆ ಮುಗಿಯಿತಲ್ಲ?" ಇದು ಎರಡನೆಯದು, ನಮ್ಮ ಹಿರಿಯ ಭಕ್ತರಿಗೆ ಬಹಳ ಪ್ರಿಯವಾದುದು. ತರಗತಿಯಲ್ಲಿ ಮೊಬೈಲು ಬೇಡವೆಂಬುದನ್ನು ನಾವೂ ಒಪ್ಪುತ್ತೇವೆ. ಆದರೆ ಆ ಹುಡುಗಿ ಮೊಬೈಲನ್ನು ಆಟಕ್ಕಾಗಿ ಹಿಡಿದಿರಲಿಲ್ಲ. ಅಕ್ಷರ ಬಾರದ ಅಜ್ಜಿಯ ವ್ಯವಹಾರಕ್ಕಾಗಿ ಹಿಡಿದಿದ್ದಳು. ಹಳ್ಳಿಯ ಮನೆಗಳಲ್ಲಿ ಇಂದು ಪಡಿತರ, ಪಿಂಚಣಿ, ಪಹಣಿ, ಬೆಳೆ ವಿಮೆಗಳ ಕಾರ್ಯದರ್ಶಿಗಳು ನಮ್ಮ ಪ್ರೌಢಶಾಲೆಯ ಮಕ್ಕಳೇ. ಹೊಣೆಯನ್ನು ಅವರ ಹೆಗಲಿಗೆ ಹೊರಿಸಿದ ಸಮಾಜವು ಜ್ಞಾನವನ್ನು ಮಾತ್ರ ತಡೆಹಿಡಿಯುವುದು ಯಾವ ನ್ಯಾಯ? ಆ ದಿನ ಹಣ ಕದ್ದವನು ಬಳಸಿದ ದಾರಿ, ಅಂದರೆ ಒಬ್ಬ ವ್ಯಕ್ತಿ ಮತ್ತೊಬ್ಬನಿಗೆ ಹಣದ ಕೋರಿಕೆಯನ್ನು ಕಳುಹಿಸುವ ಯುಪಿಐ ಸೌಲಭ್ಯ, 2025ರ ಅಕ್ಟೋಬರ್ 1ರಿಂದ ನಿಂತಿದೆ. ಒಳ್ಳೆಯದೇ ಆಯಿತು. ಆದರೆ ಕಳ್ಳನು ಮತ್ತೊಂದು ದಾರಿಯಿಂದ ಬರುತ್ತಾನೆ. ಗುಪ್ತಸಂಖ್ಯೆಯೆಂದರೆ ಹಣ ಕೊಡುವವನ ರುಜು, ಪಡೆಯುವವನಿಗೆ ಅದು ಬೇಕಿಲ್ಲ ಎಂಬ ಒಂದು ತತ್ತ್ವವನ್ನು ಅರಿತ ಮಗು ಹತ್ತು ಹೊಸ ಮೋಸಗಳನ್ನು ತಾನೇ ಗುರುತಿಸುತ್ತದೆ. ತತ್ತ್ವವನ್ನು ಕಲಿಸುವ ಸ್ಥಳ ಶಾಲೆ.

"ಕಾಲಕ್ಕೆ ತಕ್ಕಂತೆ ಕೋಡಿಂಗ್ ಕಲಿಸಿ, ಕೃತಕ ಬುದ್ಧಿಮತ್ತೆ ಕಲಿಸಿ, ಪಾನಾ ಪಕ್ಕಡ್ ಹಿಡಿಸಿ ಮಕ್ಕಳನ್ನು ಹಿಂದಕ್ಕೆ ಎಳೆಯಬೇಡಿ" ಎಂಬುದು ಮೂರನೆಯದು, ಪಟ್ಟಣದ ವಿದ್ಯಾವಂತರದು. ಅವರಿಗೆ ನಮ್ಮ ಉತ್ತರ: ಕಲಿಸಿ, ಆದರೆ ಬುಡದಿಂದ ಕಲಿಸಿ. ಕನ್ನಡದ 'ಕ' ಅಕ್ಷರವನ್ನು ಯಂತ್ರವು 3221 ಎಂಬ ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆ ಸಂಖ್ಯೆ ಜಗತ್ತಿನ ಎಲ್ಲ ಯಂತ್ರಗಳಿಗೂ ಒಂದೇ ಆಗಿರಲೆಂದು ಯೂನಿಕೋಡ್ ಎಂಬ ಒಪ್ಪಂದವಿದೆ. ಈ ಒಪ್ಪಂದವನ್ನು ಅನುಸರಿಸದ ಹಳೆಯ ಅಕ್ಷರಶೈಲಿಗಳಲ್ಲಿ ಟೈಪು ಮಾಡಿದ ಪತ್ರ ಮತ್ತೊಂದು ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುವುದನ್ನು ನೀವೆಲ್ಲ ಕಂಡಿದ್ದೀರಿ. ಇಷ್ಟನ್ನು ಒಂದು ಅವಧಿಯಲ್ಲಿ ತಿಳಿಸಿ, ಕೆ.ಪಿ. ರಾಯರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ತನ್ನ ಹೆಸರನ್ನು ತಾನೇ ಕನ್ನಡದಲ್ಲಿ ಒತ್ತುವಂತೆ ಮಾಡಿದರೆ, ಐದು ಪೀಳಿಗೆಗಳ ಗಿಳಿಪಾಠಕ್ಕಿಂತ ಅದು ಎಷ್ಟೋ ಮೇಲು. ಇಂದಿನ ಕೃತಕ ಬುದ್ಧಿಮತ್ತೆಯ ಯಂತ್ರವು ಅಪಾರವಾದ ಬರಹಗಳನ್ನು ಅರೆದು, ಮುಂದೆ ಯಾವ ಪದ ಬರುವುದು ಸಂಭಾವ್ಯವೆಂದು ಲೆಕ್ಕ ಹಾಕಿ ವಾಕ್ಯವನ್ನು ಹೆಣೆಯುತ್ತದೆ. ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತದೆ. ಕನ್ನಡದ ಬರಹ ಅದಕ್ಕೆ ಕಡಿಮೆ ದೊರೆತಿರುವುದರಿಂದ ಕನ್ನಡದಲ್ಲಿ ಎಡವುವುದು ಹೆಚ್ಚು. ಇದನ್ನರಿತು ಬಳಸುವವನಿಗೆ ಅದು ಸೇವಕ, ಅರಿಯದವನಿಗೆ ಒಡೆಯ.

"ಪಠ್ಯ ಮುಗಿಸಲು ವೇಳೆಯಿಲ್ಲ, ಫಲಿತಾಂಶ ಕೇಳುತ್ತಾರೆ" ಎಂಬುದು ಗುರುಗಳ ಆಕ್ಷೇಪಣೆ. ಇದರಲ್ಲಿ ಸತ್ಯವಿದೆ. ಫಲಿತಾಂಶವನ್ನು ಕೇಳುವವರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ನಾವೂ ಒಬ್ಬರು. ಆದುದರಿಂದ ನಾವು ಕೇಳುವುದು ವಾರಕ್ಕೆ ಒಂದೇ ಜೋಡಿ ಅವಧಿಯನ್ನು. ಅದರಲ್ಲಿ ಕಲಿತುದು ಭೌತಶಾಸ್ತ್ರಕ್ಕೂ ಗಣಿತಕ್ಕೂ ಮರಳಿ ಬರುತ್ತದೆ. ಸೈಕಲ್ಲಿನ ಪೆಡಲಿನ ಬಳಿಯ ಹಲ್ಲುಚಕ್ರಕ್ಕೆ 48 ಹಲ್ಲು, ಹಿಂದಿನದಕ್ಕೆ 16 ಹಲ್ಲು ಇದ್ದರೆ ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಚಕ್ರ ಮೂರು ಸುತ್ತು ತಿರುಗುತ್ತದೆ. ಎಣಿಸಿ ನೋಡಿದ ಮಗುವಿಗೆ ಅನುಪಾತದ ಅಧ್ಯಾಯವನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

"ಹಣವಿಲ್ಲ" ಎಂಬ ಆಕ್ಷೇಪಣೆಯನ್ನು ನಾವು ಒಪ್ಪುವುದಿಲ್ಲ. ಕೆಟ್ಟ ಫ್ಯಾನು, ಸುಟ್ಟ ಮೋಟರು, ಹಳೆಯ ಸ್ವಿಚ್ ಬೋರ್ಡು, ಸೋರುವ ನಲ್ಲಿ, ತುಕ್ಕು ಹಿಡಿದ ಸೈಕಲ್ಲು ಯಾವ ಊರಿನಲ್ಲಿ ಇಲ್ಲ? ಟೆಸ್ಟರು, ಪಾನಾ, ಪಕ್ಕಡ್, ಸ್ಕ್ರೂಡ್ರೈವರು, ಒಂದು ಮಲ್ಟಿಮೀಟರು, ಇಷ್ಟಕ್ಕೆ ಒಂದು ಸನ್ಮಾನದ ಶಾಲು ಹಾರಗಳ ಖರ್ಚು ಸಾಕು. 2024–25ರ ಸರ್ಕಾರಿ ಅಂಕಿಅಂಶಗಳ ಪ್ರಕಾರ ದೇಶದ ಶಾಲೆಗಳಲ್ಲಿ ಗಣಕಯಂತ್ರ ಇರುವವು ನೂರಕ್ಕೆ ಅರವತ್ತೈದರ ಸುಮಾರು. ಉಳಿದ ಶಾಲೆಗಳ ಮಕ್ಕಳು ಅದು ಬರುವವರೆಗೆ ಕೈಕಟ್ಟಿ ಕುಳಿತಿರಬೇಕೇ? ಸೈಕಲ್ಲು ಬಿಚ್ಚಲು ಯಾವ ಇಲಾಖೆಯ ಮಂಜೂರಾತಿಯೂ ಬೇಡ.

ಕೊನೆಯ ಆಕ್ಷೇಪಣೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ಬಲವಾದುದು ಅದೇ. "ನಮ್ಮ ಮಗ ಡಾಕ್ಟರನೋ ಎಂಜಿನಿಯರನೋ ಆಗಬೇಕು, ಕೈಗೆ ಗ್ರೀಸು ಹಚ್ಚಿಕೊಳ್ಳುವ ಕೆಲಸ ಅವನಿಗೇಕೆ?" ಸದ್ಭಕ್ತರೇ, ಈ ಮಾತನ್ನು ಬೇರೆಯವರು ಆಡಿದರೆ ಸಹಿಸಬಹುದು. ನಾವು ನೀವು ಹೇಗೆ ಆಡೋಣ? ನಮ್ಮ ಅನುಭಾವಿಗಳ ಹೆಸರುಗಳನ್ನು ನೆನೆಯಿರಿ. ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ. ಕಾಯಕವೇ ಅವರ ಹೆಸರಿನ ಮೊದಲ ಪದ. ಅವರ ಜಯಂತಿಗಳನ್ನು ಮೆರವಣಿಗೆಯಿಂದ ಆಚರಿಸುವ ನಾವು, ನಮ್ಮ ಶಾಲೆಯ ಫ್ಯಾನು ಕೆಟ್ಟರೆ ಅದನ್ನು ಸರಿಮಾಡಲು ಬರುವವನನ್ನು ಹಿಂಬಾಗಿಲಿನಿಂದ ಬರಮಾಡಿಕೊಳ್ಳುತ್ತೇವೆ. ಅವನು ಏನು ಮಾಡಿದನೆಂದು ನೋಡಲು ಒಂದು ಮಗುವನ್ನೂ ಬಿಡುವುದಿಲ್ಲ. ಆ ಹೊತ್ತು ಶಾಲೆಯಲ್ಲಿ ಒಳ್ಳೆಯ ಪಾಠವೊಂದು ಏಣಿಯ ಮೇಲೆ ನಡೆಯುತ್ತಿರುತ್ತದೆ. ಮಕ್ಕಳು ಮಾತ್ರ ಕಿಟಕಿ ಮುಚ್ಚಿದ ಕೋಣೆಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಿರುತ್ತಾರೆ. ಹೀಗೆ ಬೆಳೆದವರಲ್ಲಿ ಎಂಜಿನಿಯರಿಂಗ್ ಪದವಿ ಪಡೆದು ಮನೆಯ ಫ್ಯೂಸು ಹಾಕಲು ಹೆದರುವವರನ್ನು ನಾವು ಕಂಡಿದ್ದೇವೆ. ಅವರೂ ನಮ್ಮ ಶಾಲೆಗಳ ಹಳೆಯ ವಿದ್ಯಾರ್ಥಿಗಳೇ.

ಖಂಡನೆ ಸಾಕು. ಮಾಡಬೇಕಾದುದನ್ನು ಹೇಳುತ್ತೇವೆ.

ಆರನೆಯ ತರಗತಿಯಲ್ಲಿ ಅಳತೆ, ಉಪಕರಣಗಳ ಪರಿಚಯ, ಸೈಕಲ್ಲು ಮತ್ತು ನಲ್ಲಿ. ಏಳನೆಯದರಲ್ಲಿ ಮನೆಯ ವಿದ್ಯುತ್ತು: ಮೀಟರು, ಫ್ಯೂಸು, ಅರ್ಥಿಂಗ್, ಅಪಾಯ. ಎಂಟನೆಯದರಲ್ಲಿ ಮೋಟರು, ಪಂಪು, ನೀರಿನ ಲೆಕ್ಕ. ಒಂಬತ್ತನೆಯದರಲ್ಲಿ ಗಣಕಯಂತ್ರವನ್ನು ಬಿಚ್ಚಿ ನೋಡುವುದು, ಕನ್ನಡದಲ್ಲಿ ಬರೆಯುವುದು, ಗುಪ್ತಪದ, ಹಣದ ವ್ಯವಹಾರ. ಹತ್ತನೆಯದರಲ್ಲಿ ಪ್ರಶ್ನೆ ಕೇಳುವುದು: ಉಚಿತವೆಂದು ದೊರೆಯುವ ಸೇವೆಗೆ ನಾವು ತೆರುವ ಬೆಲೆ ಯಾವುದು, ಎಸೆದ ಬ್ಯಾಟರಿ ಎಲ್ಲಿಗೆ ಹೋಗುತ್ತದೆ, ಯಂತ್ರ ಹೇಳಿದ ಮಾತನ್ನು ಪರೀಕ್ಷಿಸುವುದು ಹೇಗೆ. ಹುಡುಗರಿಗೂ ಹುಡುಗಿಯರಿಗೂ ಒಂದೇ ಪಾಠ. ಪರೀಕ್ಷೆಯಲ್ಲಿ ವಿಸ್ತೃತ ರೂಪ ಬರೆಯಿರಿ ಎಂಬ ಪ್ರಶ್ನೆ ಇರಕೂಡದು. ಕೆಟ್ಟ ಒಂದು ವಸ್ತುವನ್ನು ಮೇಜಿನ ಮೇಲಿಟ್ಟು, ದೋಷ ಎಲ್ಲಿದೆ ಹುಡುಕು ಎನ್ನಬೇಕು.

ನಮ್ಮ ಆಡಳಿತದ ಶಾಲೆಗಳಲ್ಲಿ ಬರುವ ಜೂನ್ ತಿಂಗಳಿನಿಂದ ಇದನ್ನು ಆರಂಭಿಸಲು ನಿಶ್ಚಯಿಸಿದ್ದೇವೆ. ಗಣಕಯಂತ್ರ ಕೊಠಡಿಯ ಕೀಲಿಕೈ ಇನ್ನು ಮುಂದೆ ಹತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿರುತ್ತದೆ. ಯಂತ್ರ ಕೆಟ್ಟರೆ ಗುರುಗಳ ಮೇಲೆ ಕ್ರಮ ಕೈಗೊಳ್ಳುವುದಿಲ್ಲವೆಂದು ಬರವಣಿಗೆಯಲ್ಲಿ ಕೊಟ್ಟಿದ್ದೇವೆ. ಆ ಭಯವೇ ಬೀಗವಾಗಿತ್ತೆಂದು ನಮಗೆ ತಡವಾಗಿ ತಿಳಿಯಿತು.

ನಿಮ್ಮಿಂದ ನಾವು ಕೇಳುವುದು ಹಣವನ್ನಲ್ಲ. ನಿಮ್ಮಲ್ಲಿ ಲೈನ್‌ಮನ್ನರಿದ್ದೀರಿ, ಲೇತ್ ನಡೆಸುವವರಿದ್ದೀರಿ, ಮೋಟರ್ ವೈಂಡಿಂಗ್ ಮಾಡುವವರಿದ್ದೀರಿ, ಐ.ಟಿ.ಐ.ಯಲ್ಲಿ ಕಲಿಸುವವರಿದ್ದೀರಿ, ಬ್ಯಾಂಕಿನಲ್ಲಿ ಕುಳಿತವರಿದ್ದೀರಿ, ಬೆಂಗಳೂರಿನ ಕಂಪನಿಗಳಲ್ಲಿ ಗಣಕಯಂತ್ರದ ಮುಂದೆ ದುಡಿಯುವವರಿದ್ದೀರಿ. ಈ ಶಾಲೆಯ ಅನ್ನ ಉಂಡವರು ತಿಂಗಳಿಗೆ ಒಂದು ಶನಿವಾರದ ಬೆಳಗನ್ನು ಶಾಲೆಗೆ ಕೊಡಿ. ಭಾಷಣ ಬೇಡ. ನಿಮ್ಮ ಉಪಕರಣದ ಚೀಲವನ್ನು ತನ್ನಿ, ಮಕ್ಕಳ ನಡುವೆ ನೆಲದ ಮೇಲೆ ಕುಳಿತು ಒಂದು ವಸ್ತುವನ್ನು ಬಿಚ್ಚಿ, ಅವರಿಂದಲೇ ಮತ್ತೆ ಕೂಡಿಸಿ. ನಿಮ್ಮನ್ನು ಮುಂಬಾಗಿಲಿನಿಂದ ಬರಮಾಡಿಕೊಳ್ಳುತ್ತೇವೆ, ಗುರುಗಳೆಂದು ಕರೆಯುತ್ತೇವೆ.

ಆ ಹುಡುಗಿ ಮತ್ತೆ ಶಾಲೆಗೆ ಹೋದಳು. ಹಣ ಮರಳಲಿಲ್ಲ. ಸೈಬರ್ ವಂಚನೆಗೆ 1930 ಎಂಬ ದೂರವಾಣಿಗೆ ಕೂಡಲೇ ದೂರು ಕೊಡಬೇಕೆಂಬುದು ಅವರಿಗೆ ತಿಳಿದಿರಲಿಲ್ಲ. ತಿಳಿದಾಗ ಎಂಟು ದಿನ ಕಳೆದಿತ್ತು. ಆ ಹದಿನೆಂಟು ಸಾವಿರ ರೂಪಾಯಿಯನ್ನು ಆಕೆಯ ಅಜ್ಞಾನದ ಲೆಕ್ಕಕ್ಕೆ ಬರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅದು ನಮ್ಮ ಶಾಲೆಯ ಲೆಕ್ಕದಲ್ಲಿ ಬಾಕಿಯಿದೆ. ಅದನ್ನು ತೀರಿಸುವ ಕೆಲಸಕ್ಕೆ ಕೈಜೋಡಿಸಬೇಕೆಂದು ನಿಮ್ಮೆಲ್ಲರನ್ನೂ ಕೇಳಿಕೊಳ್ಳುತ್ತೇವೆ.